ಖಾಲಿ ಮೊಳೆಗೊಂದು ಹುಲಿ

ಗಂಗಾಧರಣ್ಣ ಹೋಗುವ ದಿಕ್ಕಿಗೆ ಮುಖ ಮಾಡಿ ಪ್ರಯಾಣ ಮಾಡಿದ್ದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಕಂಬಿಗೆ ಬೆನ್ನು ಕೊಟ್ಟು ಜನರ ಕಡೆ ತಿರುಗಿ ನಿಲ್ಲುತ್ತಿದ್ದರು. ಆಟೋ ಹತ್ತಿದರೆ ಡ್ರೈವರ್ ಪಕ್ಕ ಕೂತು ಹಿಂದಿನವರನ್ನು ನೋಡುತ್ತಿದ್ದರು. ಯಾರದೋ ಸ್ಕೂಟರಿನ ಹಿಂದೆ ಕೂತು ಬರುವಾಗಲೂ ಕತ್ತು ಹಿಂದಕ್ಕೇ ಇರುತ್ತಿತ್ತು. ಸಿರಾದಿಂದ ಮಧುಗಿರಿ ಮೇಲೆ ಕೊರಟಗೆರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ತಲೆ ನರೆಯುವ ತನಕ ಕಂಡಕ್ಟರ್ ಆಗಿದ್ದವರು. ಅವರು ಕೆಲಸ ಬಿಟ್ಟರೂ ಕೆಲಸ ಅವರ ಬೆನ್ನು ಬಿಟ್ಟಿರಲಿಲ್ಲ.

ಬಡವನಹಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಮೊಮ್ಮಕ್ಕಳು ನೀವು ರಜೆಗೆ ಬಂದಾಗ ಬಾಯಿಗೆ ಬೆರಳಿಟ್ಟು ಸೀಟಿ ಹೊಡೆದು, "ಊಟದ ಬಸ್ ಹೊರಡ್ತು, ಹತ್ಕಳ್ರಪ್ಪಾ" ಎಂದು ನಿಮ್ಮನ್ನು ಬೀದಿಯಿಂದ ಒಳಗೆ ಕಳಿಸುತ್ತಿದ್ದ ಪಕ್ಕದ ಮನೆ ತಾತ ಅವರೇ. ಸೀಟಿ ನಿಮಗೆ ನೆನಪಿರಬಹುದು. ಹುಲಿಯ ಕಥೆ ಪೂರ್ತಿ ಗೊತ್ತಿಲ್ಲ. ಎದುರು ಕೂತು ಹೇಳಹೊರಟರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮಧುಗಿರಿಯಲ್ಲಿ ಮದುವೆ ಫೋಟೋ ತೆಗೆಯುವವರೊಬ್ಬರು ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ಇವರಿಗೆ ಕೊಟ್ಟರು. ಅಂದಿನಿಂದ ಕಾಡಿನ ಹುಚ್ಚು ಹಿಡಿಯಿತು. ನಾಗರಹೊಳೆ, ಬಂಡೀಪುರ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕು, ಮಂಜು ಮರ ಬೆಟ್ಟ ಎಲ್ಲ ತೆಗೆಯಬೇಕು, ಹುಲಿಯನ್ನಂತೂ ತೆಗೆಯಲೇಬೇಕು. ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ಇಟ್ಟಿರುವ ನಾಗರಾಜು ಗೋಡೆಗೆ ಹುಲಿಯ ಹಳೇ ಕ್ಯಾಲೆಂಡರ್ ಹಾಕಿದ್ದ. ಇವರು ಟೀ ಕುಡಿಯುತ್ತಾ ಅದನ್ನು ನೋಡಿ, "ಲೇ ನಾಗ, ಯಾವನೋ ತೆಗ್ದಿರೋ ಹುಲಿ ಯಾಕ್ಲಾ ನಮ್ಗೆ? ನಾನ್ ತತ್ತೀನಿ ತಡಿ" ಎಂದುಬಿಟ್ಟರು. ನಾಗರಾಜು ಎದ್ದು ಕ್ಯಾಲೆಂಡರ್ ಇಳಿಸಿದ.

"ಮೊಳೆ ಖಾಲಿ ಐತೆ ಕಂಡಕ್ಟ್ರೇ. ಹುಲಿ ತಂದು ನೇತಾಕಿ. ತರ್ಲಿಲ್ಲ ಅಂದ್ರೆ ನಿಮ್ಮ ಕ್ಯಾಮೆರಾನೇ ನೇತಾಕ್ತೀನಿ."

ಆಮೇಲೆ ಹೋಟೆಲಿಗೆ ಬಂದವರೆಲ್ಲ ಮೊದಲು ಮೊಳೆ ನೋಡುವುದು, ಆಮೇಲೆ ಇವರ ಮುಖ ನೋಡುವುದು. ಹುಲಿಯಿಲ್ಲದೆ ಊರಿಗೆ ವಾಪಸು ಬರುವ ಹಾಗೇ ಇರಲಿಲ್ಲ.

ಸಿದ್ಧತೆ ಶುರುವಾಯಿತು. ಬೇಸಿಗೆಯೇ ಆಗಬೇಕು, ಆಗ ಎಲೆ ಉದುರಿರುತ್ತದೆ, ಪ್ರಾಣಿಗಳು ನೀರಿಗೆ ಬರುತ್ತವೆ ಎಂದರು. ಜೊತೆಗೆ ಬರುವ ಹೆಂಗಸರು ಕೆಂಪು, ಹಳದಿ ಸೀರೆ ಉಡುವಂತಿಲ್ಲ. ಮಲ್ಲಿಗೆ ಮುಡಿಯುವಂತಿಲ್ಲ. ಅವರ ಹೆಂಡತಿ ಜಯಕ್ಕ ಪಾವಗಡದ ಕಡೆಯವರು, ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತದೆ. "ನನ್ ಸೀರೆ ಬಣ್ಣ ಕಟ್ಕೊಂಡು ಹುಲಿಗೇನ್ರೀ ಆಗ್ಬೇಕು? ಅದೇನ್ ನಮ್ ಬೀಗಿತ್ತೀನಾ?" ಎಂದವರು, ಇವರು ಮತ್ತೆ ಬಾಯಿ ತೆಗೆಯುವ ಮೊದಲೇ "ಚಾಲಿಂಕ" ಎಂದು ಒಳಗೆ ಹೋದರು. ಸಾಕು ಇನ್ನು ಎಂದು ಅರ್ಥ.

ಕೈ ಪಳಗಲಿ ಎಂದು ಗಂಗಾಧರಣ್ಣ ಮೊದಲು ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋದರು. ಹುಲ್ಲುಗಾವಲಿನಲ್ಲಿ ಹಿಂಡೇನೋ ಸಿಕ್ಕಿತು. ಎಲ್ಲವೂ ತಲೆ ತಗ್ಗಿಸಿ ಮೇಯುತ್ತಿದ್ದವು. ಈ ಕಡೆ ನೋಡಲಿ ಎಂದು ಇವರು ಸೀಟಿ ಹೊಡೆದರು. ಸಂಜೆ ನಮಗೆ ತೋರಿಸಿದ ಚಿತ್ರಗಳನ್ನು ಜಯಕ್ಕ ಒಂದೊಂದಾಗಿ ನೋಡಿ, "ಬಾಲ ಎಲ್ಲಾ ಚೆನ್ನಾಗ್ ಬಂದೈತೆ" ಎಂದರು.

ಮುಂದಿನ ವಾರ ಸಿರಾ ಕಡೆಯ ಕಗ್ಗಲಡು. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ. ಇವರು ಮರದ ಕೆಳಗೆ ನಿಂತು, ಬಂದಿದ್ದ ಜನರನ್ನು "ಆ ಕಡೆ ಜಾಗ ಐತೆ, ಹೋಗಿ ಹೋಗಿ" ಎಂದು ಕೂಗಿ ಸಾಲಾಗಿ ನಿಲ್ಲಿಸತೊಡಗಿದ್ದರಂತೆ. ಅಜ್ಜಿಯೊಬ್ಬರು ಪೊರಕೆ ಹಿಡಿದೇ ಹೊರಗೆ ಬಂದು, "ಬಾಣಂತಿ ಮನೆ ಮುಂದೆ ಹಿಂಗಾ ಅರಚೋದು? ಗಂಟ್ಲು ಇಳಿಸಪ್ಪ" ಎಂದರಂತೆ. ಆ ಮಾತು ಅವರಿಗೆ ತಾಗಿತು. ಅಂದಿನಿಂದ ಮನೆಯಲ್ಲೂ ಪಿಸುಮಾತಿನ ಅಭ್ಯಾಸ ಶುರುಮಾಡಿದರು. ಗೋಡೆಯಾಚೆಯಿಂದ ಸದ್ದೇ ಇಲ್ಲವಲ್ಲ, ಗಂಡಹೆಂಡಿರು ಮಾತು ಬಿಟ್ಟರೇನೋ ಎಂದು ನಾನು ಹೋಗಿ ನೋಡಿಬಂದೆ.

ಕೊನೆಗೆ ಅಂಗಳದಲ್ಲಿ ಸಫಾರಿಯ ತಾಲೀಮು. ಬೆಂಚು ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಜೋಡಿಸಿ, ಬೀದಿಯ ಹೆಂಗಸರನ್ನು ಕೂರಿಸಿದರು. ನಾನು ಕೊನೆಯ ಕುರ್ಚಿಯಲ್ಲಿದ್ದೆ. ಹುಲಿ ಎಡಗಡೆಯಿಂದ ಬರಬೇಕಿತ್ತು. ಜಯಕ್ಕ ಕೊಡ ಹೊತ್ತು ಎಡಗಡೆಯಿಂದ ಬಂದರು.

"ಏ ಜಯಾ, ನಿಧಾನ. ಹುಲಿ ಅಷ್ಟು ಬಿರ್‍ರನೆ ಬರಲ್ಲ."

"ಹುಲಿ ಒಲೆ ಮೇಲೆ ಹಾಲಿಟ್ಟು ಬಂದಿರಲ್ಲ ಕಣ್ರೀ."

ನಾವೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕೆವು. ಸದ್ದು ಮಾಡಿದ್ದಕ್ಕೆ ಬೈಸಿಕೊಂಡೆವು.

ಬೀದಿಯವರೆಲ್ಲ ಕಾಡಿಗೆ ಹೊರಟಿದ್ದರೂ ನನಗೆ ಹೋಗುವ ಮನಸ್ಸಿರಲಿಲ್ಲ. ನಮ್ಮ ಯಜಮಾನರು, ನಿಮ್ಮ ತಾತ, ತೀರಿಕೊಂಡಮೇಲೆ ನಾನು ಮಧುಗಿರಿ ದಾಟಿದ್ದೇ ಕಡಿಮೆ. ಫೋಟೋ ಎಂದರೆ ಮುಖ ತಿರುಗಿಸುವ ಅಭ್ಯಾಸ ಬೇರೆ. ನಿಮ್ಮ ಅಮ್ಮನ ಮದುವೆ ಆಲ್ಬಮ್ಮಿನಲ್ಲಿ ಹುಡುಕಿದರೆ ನನ್ನದೊಂದು ಭುಜ ಸಿಕ್ಕೀತು. ಆದರೆ ನಾನಿಲ್ಲದೆ ತಾನೂ ಹೋಗುವುದಿಲ್ಲ ಎಂದು ಜಯಕ್ಕ ಕೂತರು. ಗಂಗಾಧರಣ್ಣ ಬಾಗಿಲಿಗೆ ಬಂದು, "ಅಮ್ಮಣ್ಣಿ, ನೀನು ಕ್ಯಾಮೆರಾ ಕಡೆ ನೋಡಾದೇ ಬ್ಯಾಡ. ಹುಲಿ ಕಡೆ ನೋಡು ಸಾಕು" ಎಂದರು. ಬಾಡಿಗೆ ವ್ಯಾನಿನಲ್ಲಿ ಬೀದಿಯವರ ಜೊತೆ ಹೊರಟೆ. ಸಾಕ್ಷಿ ಬೇಕಲ್ಲ ಎಂದು ಹೋಟೆಲ್ ಮುಚ್ಚಿ ನಾಗರಾಜುವೂ ಹತ್ತಿದ.

ನಾಗರಹೊಳೆಯಲ್ಲಿ ಬೆಳಗಿನ ಮಂಜು ತೇಗದ ಮರಗಳ ನಡುವೆ ಹೊಗೆಯಂತೆ ನಿಂತಿತ್ತು. ತಾಯಿ ಹೊಟ್ಟೆಯ ಕೆಳಗೆ ಅಡಗಿಕೊಂಡೇ ನಡೆಯುವ ಆನೆಮರಿ ಕಂಡಿತು. ಗಂಗಾಧರಣ್ಣ ಎಲ್ಲವನ್ನೂ ತೆಗೆದರು. "ಚೆನ್ನಾಗೈತೆ ಅಮ್ಮಣ್ಣಿ, ಆದ್ರೆ ಮೊಳೆಗೆ ಆಗಲ್ಲ" ಎಂದರು. ಬಂಡೀಪುರದಲ್ಲಿ ಮೊದಲ ಸಫಾರಿಗೆ ಜಿಂಕೆ, ನವಿಲು, ಕಾಡೆಮ್ಮೆ. ಉಳಿದದ್ದು ಸಂಜೆಯದೊಂದೇ. ಗಂಗಾಧರಣ್ಣ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಆ ಸಂಜೆ ಸಫಾರಿ ಬಸ್ಸಿನಲ್ಲಿ ನಮ್ಮ ಜೊತೆ ಬೇರೆ ಊರಿನವರೂ ಇದ್ದರು. ಕೆರೆಯ ಹತ್ತಿರ ಬಸ್ಸು ನಿಂತಿತು. ಎಡಗಡೆಯ ಲಂಟಾನದ ಪೊದೆಯಿಂದ ಹುಲಿ, ತನ್ನ ಮನೆಯ ಹಿತ್ತಲಿಗೆ ಬಂದಂತೆ, ಹೊರಗೆ ಬಂತು.

ಬಲಗಡೆಯವರೆಲ್ಲ ಎಡಕ್ಕೆ ನುಗ್ಗಿದರು. ಒಂದು ಮಗು ನಡುವೆ ಸಿಕ್ಕಿ ಅಳತೊಡಗಿತು. ಗಂಗಾಧರಣ್ಣ ಕಿಟಕಿಯ ಪಕ್ಕದಲ್ಲೇ ಇದ್ದರು, ಕ್ಯಾಮೆರಾ ಕೈಯಲ್ಲೇ ಇತ್ತು. ಅವರು ಎದ್ದು ಕಂಬಿಗೆ ಬೆನ್ನು ಕೊಟ್ಟು ನಮ್ಮ ಕಡೆ ತಿರುಗಿದರು. "ಕೂತ್ಕಳಿ, ಕೂತ್ಕಳಿ. ಹಿಂದ್ಲೋರ್ಗೂ ಕಾಣ್ಲಿ. ಆ ಮಗೂನ ಮುಂದಕ್ಕೆ ಬುಡಿ" ಎಂದು ಪಿಸುಮಾತಿನಲ್ಲೇ ಹೇಳಿ, ಕಂಬಿಯನ್ನು ಬೆರಳಲ್ಲಿ ತಟ್ಟಿದರು. ಗುರುತಿಲ್ಲದ ಜನವೂ ಕೂತರು. ಮಗು ಕಿಟಕಿಗೆ ಬಂತು. ಹುಲಿ ನೀರು ಕುಡಿಯಿತು, ತಲೆಯೆತ್ತಿ ನಮ್ಮನ್ನೆಲ್ಲ ನೋಡಿತು, ಹೋಯಿತು. ಎಲ್ಲರಿಗೂ ಜಾಗ ಆಯಿತೆಂದು ಖಾತ್ರಿ ಮಾಡಿಕೊಂಡು ಅವರು ತಿರುಗಿದಾಗ ಪೊದೆ ಮಾತ್ರ ಅಲ್ಲಾಡುತ್ತಿತ್ತು.

ತುಮಕೂರು ಬರುವವರೆಗೂ ಅವರು ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ನಾಗರಾಜು ಕೂಡ ಮೊಳೆಯ ಸುದ್ದಿ ಎತ್ತಲಿಲ್ಲ. ಊರಿಗೆ ಬಂದಮೇಲೆ ಗಂಗಾಧರಣ್ಣ ಟೀ ಕುಡಿಯಲು ಹೋಟೆಲಿಗೆ ಹೋಗುವುದನ್ನೇ ಬಿಟ್ಟರು. ಕೊನೆಗೆ ನಾಗರಾಜುವೇ ಮನೆಗೆ ಬಂದು, ಕ್ಯಾಮೆರಾದಲ್ಲಿ ಏನೇನಿದೆ ತೋರಿಸಿ ಎಂದು ಹಟ ಹಿಡಿದ. ಕೊನೆಯಲ್ಲಿ ಒಂದು ಚಿತ್ರವಿತ್ತು. ನಮ್ಮೆಲ್ಲರ ಮುಖ. ನಾಗರಾಜುವಿನ ಬಾಯಿ ತೆರೆದಿದೆ. ಮಗುವಿನ ಕೆನ್ನೆಯಲ್ಲಿ ಕಣ್ಣೀರು, ಕಣ್ಣಲ್ಲಿ ಹುಲಿ. ಹಿಂದೆ ನಾನು, ಸೆರಗು ಹೆಗಲಿಗೆ ಜಾರಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದೇನೆ. ಜಯಕ್ಕ ಕೈ ಎತ್ತಿ ಬೆರಳು ತೋರಿಸುತ್ತಿದ್ದಾರೆ.

"ಇದನ್ನ ಯಾವಾಗ ತೆಗೆದ್ರಿ?"

"ಗೊತ್ತಿಲ್ಲ ಕಣ್ಲಾ. ಕೈ ತಾನೇ ಒತ್ತುಬುಡ್ತು."

ನಾಗರಾಜು ಅದಕ್ಕೆ ಚೌಕಟ್ಟು ಹಾಕಿಸಿ ಮೊಳೆಗೆ ನೇತುಹಾಕಿದ. ಹೋಟೆಲಿಗೆ ಬಂದವರು ಹುಲಿ ಎಲ್ಲಿ ಎಂದು ಕೇಳುತ್ತಿದ್ದರು. ಗಂಗಾಧರಣ್ಣ ಮೊದಮೊದಲು ನಾಚಿದರು, ಆಮೇಲೆ ಎದ್ದು ನಿಂತೇ ವಿವರಿಸತೊಡಗಿದರು. "ಅಷ್ಟು ಜನ ನೋಡ್ತಾವ್ರಲ್ಲ, ಅಲ್ಲೈತೆ. ನೋಡಿ, ನಮ್ಮೋಳು ಬೆರಳಿಟ್ಟು ತೋರುಸ್ತಾವ್ಳೆ." ಹುಲಿ ಹೇಗಿತ್ತು ಎಂದು ಹೆಂಡತಿಯನ್ನು ಆಗಾಗ ಕೇಳುತ್ತಿದ್ದರು. ಜಯಕ್ಕ, ಪಟ್ಟೆ ಹೀಗಿತ್ತು, ಮೀಸೆ ಹಾಗಿತ್ತು ಎಂದು ದಿನಕ್ಕೊಂದು ಬಗೆಯಲ್ಲಿ ಹೇಳುತ್ತಿದ್ದರು.

ಹೋದ ಮಳೆಗಾಲದಲ್ಲಿ ಗಂಗಾಧರಣ್ಣ ಎದೆನೋವೆಂದು ಕೂತವರು ಏಳಲಿಲ್ಲ. ಹಾರ ಹಾಕಲು ಅವರ ಈಚಿನದೊಂದು ಫೋಟೋ ಸಿಗಲಿಲ್ಲ. ಕ್ಯಾಮೆರಾ ಬಂದಮೇಲೆ ಅವರು ಅದರ ಹಿಂದೆಯೇ ಇದ್ದವರು. ಹೋಟೆಲಿನ ಚಿತ್ರವನ್ನಾದರೂ ಒಮ್ಮೆ ನೋಡೋಣ ಎಂದು ಜಯಕ್ಕ ನನ್ನನ್ನು ಕರೆದುಕೊಂಡು ಹೋದರು. ನಾನು ಹೋಟೆಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಹತ್ತಿರ ನಿಂತು ನೋಡಿದಾಗ ತಿಳಿಯಿತು. ನಮ್ಮೆಲ್ಲರ ಕಣ್ಣು ಒಂದು ಕಡೆಗಿದೆ. ಜಯಕ್ಕನ ಕಣ್ಣು ನೇರ ಕ್ಯಾಮೆರಾದ ಮೇಲಿದೆ.

"ಜಯಕ್ಕ, ನೀನೂ ಹುಲಿ ನೋಡ್ಲಿಲ್ವಾ?"

"ಎಲ್ಲಿ ನೋಡ್ಲಿ ಅಮ್ಮಣ್ಣಿ. ಆ ಕಡೆ ತಿರುಗ್ರೀ, ತಿರುಗ್ರೀ ಅಂತ ಇವ್ರಿಗೆ ಸನ್ನೆ ಮಾಡೋದ್ರಲ್ಲೇ ಆಯ್ತು." ಅವರು ಸೆರಗಿನಿಂದ ಗಾಜು ಒರೆಸಿದರು. "ತಿರುಗ್ಲೇ ಇಲ್ಲ ನೋಡು."