ಇಂಜಿನ್ನಿನಿಂದ ಇಳಿದ ಮಾವ

ನನ್ನ ಮಾವನವರ ಎಡಗೆನ್ನೆ ಬಲಗೆನ್ನೆಗಿಂತ ಕಪ್ಪಗಿತ್ತು. ಮೂವತ್ತು ವರ್ಷ ರೈಲು ಡ್ರೈವರಾಗಿ ಡೀಸೆಲ್ ಇಂಜಿನ್ನಿನ ಎಡಗಡೆಯ ಕಿಟಕಿಯಲ್ಲಿ ಬಿಸಿಲು, ಹೊಗೆ, ಧೂಳಿಗೆ ಮುಖ ಕೊಟ್ಟು ಕೂತವರು. ಎರಡು ಕಿವಿಯಲ್ಲೂ ಎಳ್ಳೆಣ್ಣೆಗೆ ಅದ್ದಿದ ಹತ್ತಿ. ರಜದ ದಿನವೂ ಅದನ್ನು ತೆಗೆಯುತ್ತಿರಲಿಲ್ಲ. ಮಾರಂಡಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಶೀತಕ್ಕೆ ಮಾಡಿಕೊಂಡ ಮದ್ದು ಎಂದೇ ತಿಳಿದಿದ್ದೆ.

ಸೇಲಂ ಹತ್ತಿರ ಓಮಲೂರಿನಾಚೆ ಒಂದು ಸಣ್ಣ ಸ್ಟೇಷನ್ನಿನ ಹಿಂದೆ ನಮ್ಮ ಮನೆ. ಹೆಂಚಿನ ಮಾಡು, ಒಂದು ಟಿಕೆಟ್ ಕಿಟಕಿ, ಗಾಜಿನ ಬಾಗಿಲಿನ ವೇಟಿಂಗ್ ರೂಮು, ಹೊಂಗೆ ಮರದ ಕೆಳಗೆ ಎರಡು ಕಲ್ಲುಬೆಂಚು, ಅಷ್ಟೇ ಸ್ಟೇಷನ್ನು. ಗೂಡ್ಸ್ ಗಾಡಿ ಎದುರು ಗಾಡಿಯ ಕ್ರಾಸಿಂಗಿಗೆ ನಿಂತರೆ ಇಂಜಿನ್ನು ಗಂಟೆಗಟ್ಟಲೆ ಗುಡುಗುಡು ಅನ್ನುತ್ತಿತ್ತು, ನಮ್ಮ ಅಡುಗೆಮನೆಯ ತಟ್ಟೆ ಲೋಟಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಒಣಹಾಕಿದ ಬಟ್ಟೆಗೆಲ್ಲ ಮಸಿ. ನಾನು ಬೈಯುತ್ತಿದ್ದೆ. ಮಾವ ಮಾತ್ರ ನೆಲಕ್ಕೆ ಅಂಗೈ ಊರಿ, "ಇದು ನಮ್ ಅಳೇ ಇಂಜಿನ್ನು. ಪಾವಂ, ಒಂದ್ ಸಿಲಿಂಡ್ರು ಬಡ್ಕತಾ ಐತೆ" ಎನ್ನುತ್ತಿದ್ದರು.

ನಾನು ಹುಟ್ಟಾ ಬಾಯಿ ಜೋರಿನವಳು. ಬಂದ ವಾರದಲ್ಲೇ ಅತ್ತೆ, "ಮೆಲ್ಲುಗೆ ಮಾತಾಡಮ್ಮಾ, ಪ್ಲಾಟ್‌ಫಾರಂಗಂಟ ಕೇಳ್ತೈತೆ" ಎಂದು ಗದರಿದರು. ಮಾವ ತಟ್ಟೆಯಿಂದ ತಲೆಯೆತ್ತಿ, "ಅವ್ಳು ಅಂಗೇ ಮಾತಾಡ್ಲಿ ಬುಡು. ಈ ಮನೇಲಿ ಅವ್ಳ ಮಾತೇ ನಂಗೆ ನೆಟ್ಟಗೆ ತಿಳ್ಯೋದು" ಎಂದರು. ಹೊಗಳಿದರೆಂದು ನಾನು ಬೀಗಿದೆ. ಅವರಿಗೆ ಕಿವಿ ಹೋಗಿದೆ ಎಂಬುದು ನನಗೆ ಗೊತ್ತಾಗಲು ಇನ್ನೂ ಒಂದು ವರ್ಷ ಬೇಕಾಯಿತು.

ಅದನ್ನೂ ಅವರೇ ಹೇಳಿದರು. ರಿಟೈರಾಗಲು ಎರಡು ವರ್ಷ ಉಳಿದಿತ್ತು, ವೈದ್ಯಕೀಯ ಪರೀಕ್ಷೆ ಹತ್ತಿರ ಬಂದಿತ್ತು. ಡ್ರೈವರು ಬೆನ್ನು ತಿರುಗಿಸಿ ನಿಲ್ಲಬೇಕು, ಡಾಕ್ಟರು ಹಿಂದಿನಿಂದ ಪಿಸುಗುಟ್ಟಿದ್ದನ್ನು ಹಾಗೇ ಒಪ್ಪಿಸಬೇಕು. ಆಗದಿದ್ದರೆ ಇಂಜಿನ್ನಿನಿಂದ ಇಳಿಸುತ್ತಾರೆ. "ಡಾಕ್ಟ್ರ ರೂಮಲ್ಲಿ ಗಾಜಿನ ಬೀರು ಐತೆ ಅಮ್ಮಣಿ. ಅದ್ರಲ್ಲಿ ಅವ್ರ ಬಾಯಿ ಕಾಣ್ತದೆ. ಬಾಯಿ ನೋಡಿ ಯೇಳೋದು ಕಲುಸ್ಕೊಡು. ನಿಮ್ಮತ್ತೆಗೆ ತಿಳೀಬಾರ್ದು" ಎಂದರು. ಅಂಥ ಮನುಷ್ಯ ನನ್ನ ಮುಂದೆ ಬೇಡಿಕೊಂಡು ನಿಂತರೆ ಇಲ್ಲವೆನ್ನಲು ಆಗಲಿಲ್ಲ. ನಿಜ ಹೇಳಬೇಕೆಂದರೆ, ಇಲ್ಲವೆನ್ನಬೇಕೆಂದು ತೋಚಲೂ ಇಲ್ಲ.

ಮಧ್ಯಾಹ್ನದ ಪ್ಯಾಸೆಂಜರ್ ಹೋದ ಮೇಲೆ ಸ್ಟೇಷನ್ನಿನಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಮಾವ ವೇಟಿಂಗ್ ರೂಮಿನ ಗಾಜಿನ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ನಾನು ಇಪ್ಪತ್ತು ಹೆಜ್ಜೆ ಹಿಂದೆ ನಿಂತು ದನಿಯಿಲ್ಲದೆ ಬಾಯಿ ಆಡಿಸುತ್ತಿದ್ದೆ. ಡಾಕ್ಟರು ತಮಿಳರಾದ್ದರಿಂದ ಪಾಠವೂ ತಮಿಳಿನಲ್ಲೇ. ಅಂಕಿಗಳು, ಊರಿನ ಹೆಸರುಗಳು. ತಪ್ಪಿದರೆ ಮಾವ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಪರೀಕ್ಷೆ ಪಾಸಾಯಿತು. ಮನೆಗೆ ಮೈಸೂರುಪಾಕ್ ಬಂತು.

ನಾಲ್ಕೈದು ತಿಂಗಳು ಕಳೆದಿರಬೇಕು. ಆ ಕಾಲದ ಡೀಸೆಲ್ ಇಂಜಿನ್ನಿಗೆ ಮುಂದೆ ಉದ್ದ ಮೂತಿ. ಹಳಿ ಬಲಕ್ಕೆ ತಿರುಗಿದರೆ ಎಡಗಡೆ ಕೂತ ಡ್ರೈವರಿಗೆ ಸಿಗ್ನಲ್ ಕಾಣದು. ಬಲಗಡೆ ಕೂತ ಅಸಿಸ್ಟೆಂಟು ನೋಡಿ ಕೂಗಬೇಕು, ಡ್ರೈವರು ಅದನ್ನೇ ತಿರುಗಿ ಕೂಗಬೇಕು. ಘಾಟಿಯ ಒಂದು ತಿರುವಿನಲ್ಲಿ ಅಸಿಸ್ಟೆಂಟು "ರೆಡ್" ಎಂದು ಕೂಗಿದರು. ಮಾವ ಮೀಟರು ನೋಡುತ್ತಿದ್ದರು. ಮತ್ತೆ ಕೂಗಿದರು. ಮೂರನೆಯ ಸಲ ಕೂಗದೆ ಎದ್ದುಬಂದು ತಾವೇ ಬ್ರೇಕ್ ಹಾಕಿದರು. ಸಿಗ್ನಲ್ಲಿಗೆ ಎರಡು ಬೋಗಿಯಷ್ಟು ಈಚೆ ಗಾಡಿ ನಿಂತಿತು. ಹಿಂದೆ ಗಾಡಿ ತುಂಬ ಜನ. ಯಾರಿಗೂ ಏನೂ ಆಗಲಿಲ್ಲ, ಯಾರಿಗೂ ತಿಳಿಯಲೂ ಇಲ್ಲ. ಇದನ್ನು ಮಾವ ನನ್ನೊಬ್ಬಳಿಗೆ ಹೇಳಿದರು.

ಮಾರನೆಯ ದಿನ ತಾವಾಗಿಯೇ ಸೇಲಂ ಆಫೀಸಿಗೆ ಹೋಗಿ, ನನಗೆ ಕಿವಿ ಕೇಳದು, ಇಳಿಸಿಬಿಡಿ ಎಂದು ಬರೆದುಕೊಟ್ಟು ಬಂದರು. ಅವರನ್ನು ಡ್ರೈವರುಗಳು ಮಲಗಿ ಏಳುವ ಕೊಠಡಿಯ ಉಸ್ತುವಾರಿಗೆ ಹಾಕಿದರು. ಮನೆಯಲ್ಲಿ ರಂಪವೋ ರಂಪ. ಅತ್ತೆ ಎರಡು ದಿನ ಒಲೆ ಹಚ್ಚಲಿಲ್ಲ. ನನ್ನ ಗಂಡ, "ಇನ್ನೊಂದೂವರೆ ವರ್ಸ ಸುಮ್ಕೆ ಇರಕಾಗ್ಲಿಲ್ವಾಪ್ಪಾ? ಓದ ಟೆಸ್ಟು ಎಂಗೆ ಪಾಸಾದ್ರಿ ಮತ್ತೆ?" ಎಂದು ಕೇಳಿದರು. ಮಾವ ಗೊತ್ತಾಗದವರಂತೆ ಕೂತಿದ್ದರು. ಮಗನ ತುಟಿ ಓದಲು ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಹೋದ ವರ್ಷ ಎರಡನೆಯ ಹಳಿ ಹಾಕಲೆಂದು ಸ್ಟೇಷನ್ನು ಒಡೆದರು. ಅಷ್ಟರಲ್ಲಿ ಹಳಿಯ ಮೇಲೆ ಕರೆಂಟು ತಂತಿ ಬಂದಾಗಿತ್ತು. ಮಾವನಿಗೆ ಏನೂ ಕೇಳುತ್ತಿರಲಿಲ್ಲ, ನನ್ನ ಜೋರು ಬಾಯಿಯೂ. ನೋಡಬೇಕೆಂದರು, ಕೈಹಿಡಿದು ಕರೆದುಕೊಂಡು ಹೋದೆ. ಜೇಸಿಬಿ ಮುಟ್ಟಿದ ಕೂಡಲೇ ಹೆಂಚುಗಳು ಸುರಿದವು, ವೇಟಿಂಗ್ ರೂಮಿನ ಗಾಜು ಪುಡಿಯಾಯಿತು. ಆ ಹೊತ್ತಿಗೇ ಒಂದು ಕರೆಂಟು ಇಂಜಿನ್ನು ಗುಜರಿಗೆ ಹೋಗುವ ಮೂರು ಹಳೇ ಡೀಸೆಲ್ ಇಂಜಿನ್ನುಗಳನ್ನು ಎಳೆದುಕೊಂಡು ಹಾದುಹೋಯಿತು. ಕಿಟಕಿಗಳಲ್ಲಿ ಯಾರೂ ಇರಲಿಲ್ಲ. "ಅವು ಸೌಂಡ್ ಮಾಡ್ತಾವಾ ಅಮ್ಮಣಿ?" ಎಂದರು ಮಾವ. ಇಲ್ಲವೆಂದು ತಲೆಯಾಡಿಸಿದೆ. "ಸರಿ ಬುಡು" ಎಂದರು. ಅವತ್ತು ಅವರ ಕಾಲು ಹಿಡಿದು, ಆ ಪಾಠ ಹೇಳಿಕೊಟ್ಟದ್ದು ತಪ್ಪಾಯಿತು ಎನ್ನಬೇಕಿತ್ತು. ಇನ್ನೊಂದು ದಿನ ಅಂದುಕೊಂಡೆ.

ಮೂರು ತಿಂಗಳಿಗೆ ಮಾವ ಹೋದರು.

ತಿಥಿಯ ದಿನ ಹರೂರಿನಿಂದ ತಲೆ ನರೆತವರೊಬ್ಬರು ಬಂದರು. ಅಂದು ಬ್ರೇಕ್ ಹಾಕಿದ ಅಸಿಸ್ಟೆಂಟು ಅವರೇ. ನನ್ನನ್ನು ನೋಡಿ, "ನೀವೇನಾಮ್ಮ ಆ ಸೊಸೆ?" ಎಂದರು. "ನಾನು ಯಾರ್ಗೂ ಯೇಳಲ್ಲ, ಸುಮ್ಕಿರಿ ಅಂತ ಮಾರ್ನೆ ದಿನ ಆಪೀಸ್ ಬಾಗ್ಲಲ್ಲಿ ಎಷ್ಟೋ ಬೇಡ್ಕೊಂಡೆ. 'ನಮ್ ಸೊಸೆ ಇಳೀರಿ ಅಂದ್ಬುಟ್ಳು, ಅವ್ಳ ಮಾತು ಮೀರಕಾಗಲ್ಲ' ಅಂದ್ಬುಟ್ರು. ಆಪೀಸರ್ ಮುಂದೂ ಅದೇ ಯೇಳಿದ್ರು. ಸೇಲಂ ಡ್ರೈವರ್‌ಗಳಿಗೆಲ್ಲ ನಿಮ್ಮನ್ನ ತಿಳೀತದೆ ತಾಯಿ."

ನನ್ನ ಗಂಡ ಬೆರಗಾಗಿ ನನ್ನ ಮುಖ ನೋಡಿದರು. ಇಳಿಯಿರಿ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ. ಮೋಸ ಕಲಿಸಿದವಳು ನಾನು. ಅದು ಎಂದಾದರೂ ಹೊರಗೆ ಬಿದ್ದೀತೆಂದು ಮಾವ ಮೊದಲೇ ನನಗೆ ಇಂಥ ಹೆಸರು ಮಾಡಿಟ್ಟು ಹೋಗಿದ್ದರು. ಅಲ್ಲ ಎನ್ನಲು ಬಾಯಿ ತೆರೆದೆ. ಹರೂರಿನವರು ನನಗೆ ಕೈಮುಗಿದುಕೊಂಡು ನಿಂತಿದ್ದರು. ಮನೆ ತುಂಬ ನೆಂಟರು ನನ್ನನ್ನೇ ನೋಡುತ್ತಿದ್ದರು.

"ಎಲೆ ಆಕೈತೆ, ಉಂಡ್ಕೊಂಡು ಓಗಿ" ಎಂದೆ.