ರಟ್ಟಿಗೊಂದು ದಾಳ

ಇದನ್ನ ಯಾರಿಗೂ ಹೇಳ್ಬ್ಯಾಡ ಅಂತ ಗೆಳತಿ ಕಾವ್ಯ ಆಣೆ ಹಾಕಿಸ್ಕಂಡಿದ್ಲು. ಇವತ್ತೇ ಮೊದ್ಲು ಬಾಯಿ ಬಿಡ್ತಿರೋದು.

ಹೊಳಲ್ಕೆರೆಲಿ ಅವಳ ಮನೆ ಹಾಲ್ ತುಂಬ ಅವರ ತಾತ ಮಣ್ಣಲ್ಲಿ ಮಾಡಿದ ಬೆರಳುದ್ದದ ಸೈನಿಕರು. ನಾವು ಆಡೋ ರಾಕ್ಷಸರ ಕಥೆ ಆಟದಲ್ಲಿ ಅವತ್ತು ದೊಡ್ಡ ಯುದ್ಧ, ನಡೆಸೋಳು ನಾನು. ಒಬ್ಬೊಬ್ಬರಿಗೂ ದಾಳ ಹಾಕ್ತಾ ಕುಂತ್ರೆ ಮುಗಿಯಲ್ಲ ಅಂತ ಹತ್ತತ್ತು ಜನಾನ ಒಂದೊಂದು ರಟ್ಟಿನ ಮೇಲೆ ನಿಲ್ಸಿ, ರಟ್ಟಿಗೊಂದೇ ದಾಳ ಅಂತ ಮಾಡಿದ್ದೆ. ದಾಳದಲ್ಲಿ ಒಂದು ಬಿದ್ರೆ ಇಡೀ ರಟ್ಟೇ ಔಟು.

ಒಂದು ಬಿತ್ತು.

"ಈ ಹತ್ತೂ ಜನ ಸತ್ರು," ಅಂದು ರಟ್ಟು ಎತ್ತಿ ಡಬ್ಬಿಗೆ ಸುರುವಿದೆ.

ಪಕ್ಕದಲ್ಲೇ ಕುಂತು ನೋಡ್ತಿದ್ದ ತಾತ ಡಬ್ಬಿಗೆ ಕೈ ಹಾಕಿ, ಹಣೆಗೆ ಕುಂಕುಮ ಇಟ್ಟಿದ್ದ ಒಬ್ಬ ಬಿಲ್ಲುಗಾರ್ತಿನ ಹುಡುಕಿ ತೆಗೆದ್ರು.

"ಇವಳನ್ನ ಯಾರೂ ಸಾಯ್ಸಲ್ಲಮ್ಮ. ಕಾವ್ಯ ನಿಂಗೆ ಹೇಳ್ಲಿಲ್ವಾ?"

"ನಮ್ಮಜ್ಜಿ ಕಣೇ ಅದು," ಕಾವ್ಯ ಕಿವಿಲಿ ಅಂದ್ಲು. "ಹೋದ ವರ್ಷ ತೀರ್ಕಂಡ್ರಲ್ಲ. ತಾತಂಗೆ ಹಾರ್ಟು ಬೇರೆ ವೀಕು."

"ತಪ್ಪಾತು ತಾತ, ಇನ್ನೊಂದ್ಸಲ ಹಾಕ್ತೀನಿ," ಅಂದೆ. ಒಂದ್ಸಲ ಹಾಕಿದ ದಾಳ ಮತ್ತೆ ಹಾಕಂಗಿಲ್ಲ ಅಂತ ರೂಲ್ಸು ಮಾಡಿದ್ದೂ ನಾನೇ.

ತಾತ ಆ ಬಿಲ್ಲುಗಾರ್ತಿನ ಎದೆಗೊತ್ಕಂಡು ರೂಮಿಗೆ ಹೋಗಿ ಚಿಲಕ ಹಾಕ್ಕಂಡ್ರು.

ಇಬ್ರೂ ಬಾಗಿಲು ಬಡಿದ್ವಿ. "ತಾತಾ, ಬರೇ ಓ ಅನ್ರಿ, ಸಾಕು."

ಒಳಗಿಂದ ಓ ಅನ್ನೋರೇ ಇಲ್ಲ.