ಹೆಪ್ಪು ಕೇಳಲು ಬಂದವಳು

ಹಳೇ ಬಾಗಲಕೋಟೆಯ ಓಣಿಯಲ್ಲಿ ಅಂಬವ್ವನ ಮನೆಗೂ ಕಾಸಿಂಬಿಯ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅಂಬವ್ವನ ಗಂಡ ಸೋಮಲಿಂಗ ನೇಕಾರ. ಓಣಿಗೆಲ್ಲ ಸಂಭಾವಿತ, ಮನೆಯೊಳಗೆ ಮಾತ್ರ ಮಾತಿಗಿಂತ ಕೈ ಮುಂದು. ಅವನು ಹೊಡೆಯತೊಡಗಿದರೆ ಸಾಕು, ಕಾಸಿಂಬಿ ಬಟ್ಟಲು ಹಿಡಿದು ಬಾಗಿಲಲ್ಲಿ ಹಾಜರು. "ಅಂಬವ್ವಾ, ಚೂರ ಹೆಪ್ಪ ಕೊಡವಾ." ಹಾಲಿಗೆ ಹಾಕಲು ಒಂದು ಚಮಚ ಮೊಸರು ಬೇಡಿ ಬಂದವಳ ಎದುರು ಹೆಂಡತಿಯನ್ನು ಬಡಿಯುವುದು ಹೇಗೆ? ಸೋಮಲಿಂಗ ಹಲ್ಲು ಕಚ್ಚಿಕೊಂಡು ಮಗ್ಗಕ್ಕೆ ಹೋಗಿ ಕೂರುತ್ತಿದ್ದ. ಕಾಸಿಂಬಿಯ ಮನೆಯಲ್ಲಿ ಎರಡು ಎಮ್ಮೆಗಳಿದ್ದವು ಎನ್ನುವುದು ಓಣಿಗೆಲ್ಲ ಗೊತ್ತಿತ್ತು.

ಅಣೆಕಟ್ಟಿನ ಹಿನ್ನೀರು ಬಂತು, ಓಣಿ ಮುಳುಗಿತು, ಮಂದಿ ನವನಗರಕ್ಕೆ ಚದುರಿದರು. ಮೂಲೆಯ ಪ್ಲಾಟು ಸಿಕ್ಕಾಗ ಅಂಬವ್ವನೇ ಹಿಗ್ಗಿದ್ದಳು: "ಯಾರ ಗ್ವಾಡಿಗೂ ಹತ್ತಿಲ್ಲ ನಮ್ಮ ಮನಿ!" ಎಂಥ ಮಂಕು ಕವಿದಿತ್ತೋ! ಕಾಸಿಂಬಿ ಎಲ್ಲೋ ಇನ್ನೊಂದು ತುದಿಗೆ ಬಿದ್ದಳು. ಸೋಮಲಿಂಗ ಕೈಮಗ್ಗ ಮಾರಿ ಪವರ್‌ಲೂಮ್ ಹಾಕಿದ. ಈಗ ಹೊಡೆಯುವ ಮುಂಚೆ ಅದನ್ನು ಚಾಲೂ ಮಾಡುತ್ತಿದ್ದ. ಆ ಖಟಖಟದಲ್ಲಿ ಒಬ್ಬಳು ಚೀರಿದರೆ ಯಾರಿಗೆ ಕೇಳೀತು? ಅಂಬವ್ವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಾಗಿಲಿಗೆ ಬಂದರೆ ಅಗಲ ರಸ್ತೆ, ಗುರುತಿಲ್ಲದ ಮುಖಗಳು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ಎದುರು ಮನೆಯಿಂದ ಹೆಂಗಸಿನ ಕೂಗು ಕೇಳಿತು. ಮುಳುಗಿದ ಬೇರೆ ಹಳ್ಳಿಯಿಂದ ಬಂದ ರೇಣವ್ವ ಅವಳು. ಅಂಬವ್ವ ಒಳಗೆ ಹೊರಗೆ ತಿರುಗಿದಳು. ಕಡೆಗೆ ಬಟ್ಟಲು ಹಿಡಿದು ರಸ್ತೆ ದಾಟಿದಳು.

"ತಂಗಿ, ಚೂರ ಹೆಪ್ಪ ಇದ್ರ ಕೊಡವಾ."

ರೇಣವ್ವನ ಗಂಡ ಚಪ್ಪಲಿ ಮೆಟ್ಟಿ ಹೊರಬಿದ್ದ.

"ಮನ್ಯಾಗ ಮಸರ ಇಲ್ರಿ ಅಕ್ಕಾರ," ಎಂದಳು ರೇಣವ್ವ, ಕೆನ್ನೆ ಮುಚ್ಚಿಕೊಂಡು.

"ನನಗೂ ಬ್ಯಾಡ. ಕರೆಂಟ್ ಇದ್ದೂ ನಮ್ಮ ಮಗ್ಗ ಗಪ್ಪಂತ ನಿಂತ್ರ, ನೀನೂ ಬಟ್ಟಲಾ ತಗೊಂಡ ಬಾ."

ವಾರ ಕಳೆಯುವುದರೊಳಗೆ ಸೋಮಲಿಂಗ ಮಗ್ಗ ಚಾಲೂ ಮಾಡಿ ಹೆಂಡತಿಯ ಹೆರಳಿಗೆ ಕೈ ಹಾಕಿದ. ಅಂಬವ್ವ ಎಂದೂ ಮಾಡದ್ದನ್ನು ಮಾಡಿದಳು. ಕೊಸರಿಕೊಂಡು ಹೋಗಿ ಮಗ್ಗದ ಸ್ವಿಚ್ಚು ಆರಿಸಿದಳು. ಮನೆ ಗಪ್ಪಾಯಿತು. ಕಿಟಕಿಯಾಚೆ ಎದುರು ಮನೆಯ ಬಾಗಿಲು ಮುಚ್ಚಿತ್ತು. ಬರುತ್ತಾಳೋ ಇಲ್ಲವೋ?

"ಮಗ್ಗ ಬಂದ್ ಮಾಡೂವಷ್ಟು ಸೊಕ್ಕು ಬಂತೇನ?" ಅವನು ಕೈ ಎತ್ತಿದ.

"ಅಕ್ಕಾರ, ಹೆಪ್ಪ ಐತೇನ್ರಿ?"

ಬಾಗಿಲಲ್ಲಿ ರೇಣವ್ವ, ಕೈಯಲ್ಲಿ ಬಟ್ಟಲು.

"ಇಲ್ಲ, ಹೋಗವಾ," ಸೋಮಲಿಂಗ ಗದರಿದ.

ರೇಣವ್ವ ಹೋಗಲಿಲ್ಲ. ಹೊಸ್ತಿಲು ದಾಟಿ ಬಂದು, ಬಟ್ಟಲನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕೂತಳು.

"ಇರ್ಲಿ ಬಿಡ್ರಿ ಅಣ್ಣಾರ. ಹಾಲ ಮಸರ ಆಗೂತನಾ ಇಲ್ಲೇ ಕುಂತಿರ್ತೇನಿ."